ಮುಖ ನೋಡಿ ಮಣೆ ಹಾಕಿದ್ದು

ಗಂಡಸಿಗೆ ಐವತ್ತು ದಾಟಿದ ಮೇಲೆ ಒಂದು ಕಾಯಿಲೆ ಶುರುವಾಗುತ್ತದೆ. ಶುಗರ್ರು, ಬೀಪಿ ಅಲ್ಲ. ಅವೆರಡೂ ಆ ಹೊತ್ತಿಗೆ ರೇಷನ್ ಕಾರ್ಡಿಗೆ ಹೆಸರು ಸೇರಿಸುವಷ್ಟು ಹಳಬರಾಗಿರುತ್ತವೆ. ಇದು ಬೇರೆ. ‘ಎಂಥವರನ್ನಾದರೂ ಸರಿ, ಮುಖ ನೋಡಿದ ತಕ್ಷಣ ಅಳೆದುಬಿಡ್ತೀನಿ’ ಎನ್ನುವ ಕಾಯಿಲೆ. ನನಗೆ ಅದು ಬಂದಿಲ್ಲಪ್ಪ ಅಂತೀರಾ? ಹಾಗೆ ಅನ್ನುವಾಗ ನಿಮ್ಮ ಒಂದು ಭುಜ ಮಾತ್ರ ಸ್ವಲ್ಪ ಮೇಲೆದ್ದಿತು. ಗೊತ್ತಾಯ್ತು ಬಿಡಿ.

ಭುಜದ ಈ ಗುಟ್ಟನ್ನು ನನಗೆ ಕಲಿಸಿದ್ದು ‘ಲೈ ಟು ಮಿ’ ಎಂಬ ಅಮೆರಿಕದ ಸೀರಿಯಲ್. 2009ರ ಜನವರಿಯಲ್ಲಿ ಫಾಕ್ಸ್ ಚಾನೆಲ್ಲಿನಲ್ಲಿ ಶುರುವಾಗಿ, ಮೂರು ಸೀಸನ್, 48 ಕಂತು ಓಡಿ, 2011ರ ಜನವರಿಯಲ್ಲಿ ಮುಗಿದುಹೋದದ್ದು. ಅಂದರೆ ಅಮೆರಿಕದವರು ಅದನ್ನು ನೋಡಿ, ಮರೆತು, ಬೇರೆ ಕೆಲಸ ಹಚ್ಚಿಕೊಂಡ ಎಷ್ಟೋ ಕಾಲದ ಮೇಲೆ ಅದು ಮೈಸೂರಿನ ನಮ್ಮ ಹಾಲಿಗೆ ದಯಮಾಡಿಸಿತು. ನಮ್ಮ ಮನೆಗೆ ಯಾವುದು ತಾನೇ ಹೊತ್ತಿಗೆ ಸರಿಯಾಗಿ ಬಂದಿದೆ? ಗ್ಯಾಸ್ ಸಿಲಿಂಡರೂ ಇಲ್ಲ, ನನಗೆ ಪ್ರಮೋಷನ್ನೂ ಇಲ್ಲ.

ಕಥಾನಾಯಕ ಡಾಕ್ಟರ್ ಕ್ಯಾಲ್ ಲೈಟ್‌ಮನ್. ಟಿಮ್ ರಾತ್ ಎಂಬ ನಟನ ಪಾತ್ರ. ವಾಷಿಂಗ್ಟನ್ನಿನಲ್ಲಿ ಅವನ ಆಫೀಸು. ಆರೋಪಿ ಬಾಯಿ ಬಿಡುತ್ತಿಲ್ಲ ಎಂದಾಗ ಪೊಲೀಸರು, ಎಫ್‌ಬಿಐನವರು ಇವನಿಗೆ ಹೇಳಿಕಳಿಸುತ್ತಾರೆ. ಇವನು ಬಂದು ಆರೋಪಿಯ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ತಲೆಯನ್ನು ಒಂದು ಕಡೆಗೆ ವಾಲಿಸಿ ನೋಡುತ್ತಾನೆ. ಅಷ್ಟೇ. ಲಾಠಿ ಇಲ್ಲ, ಏರೋಪ್ಲೇನ್ ಹತ್ತಿಸುವುದಿಲ್ಲ. ಹುಬ್ಬಿನ ಒಳತುದಿ ಎದ್ದಿತೋ, ದುಃಖ. ಮೂಗು ಸುಕ್ಕುಗಟ್ಟಿತೋ, ಅಸಹ್ಯ. ತುಟಿಯ ಒಂದೇ ಮೂಲೆ ಮೇಲೆ ಹೋಯಿತೋ, ತಿರಸ್ಕಾರ. ಒಂದೇ ಭುಜ ಕುಣಿಯಿತೋ, ಆಡಿದ ಮಾತಿನಲ್ಲಿ ಆಡಿದವನಿಗೇ ನಂಬಿಕೆಯಿಲ್ಲ. ಇವೆಲ್ಲ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತೂ ಮುಖದ ಮೇಲೆ ನಿಲ್ಲುವುದಿಲ್ಲವಂತೆ. ನನ್ನದು ಬೈಫೋಕಲ್ ಕನ್ನಡಕ. ನನ್ನ ದೃಷ್ಟಿ ಮೇಲಿನ ಗಾಜಿನಿಂದ ಕೆಳಗಿನ ಗಾಜಿಗೆ ಇಳಿಯುವಷ್ಟರಲ್ಲಿ ಅಪರಾಧಿ ಊಟ ಮುಗಿಸಿ ಮಲಗಿರುತ್ತಾನೆ. ಆದರೂ ಮೊದಲ ಕಂತು ಮುಗಿಯುವ ಹೊತ್ತಿಗೆ ನನ್ನ ತಲೆ ತನ್ನಷ್ಟಕ್ಕೆ ಎಡಕ್ಕೆ ವಾಲಿತ್ತು.

ಇದು ಬರೀ ಕಟ್ಟುಕಥೆ ಅಂದುಕೊಳ್ಳಬೇಡಿ. ಪಾಲ್ ಎಕ್ಮನ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸವೇ ಇದಕ್ಕೆ ಬೆನ್ನೆಲುಬು. ಸೀರಿಯಲ್ಲಿಗೆ ಸಲಹೆಗಾರರೂ ಅವರೇ. 1960ರ ದಶಕದಲ್ಲಿ ಆ ಮನುಷ್ಯ ಪಾಪುವಾ ನ್ಯೂಗಿನಿಯ ಗುಡ್ಡಗಾಡಿಗೆ ಹೋಗಿ, ಹೊರಗಿನವರ ಸಹವಾಸವೇ ಅಷ್ಟಾಗಿ ಇಲ್ಲದ ಫೋರೆ ಜನರ ಮುಂದೆ ಫೋಟೋಗಳನ್ನು ಹರಡಿ, ಮಗು ಸತ್ತವನ ಮುಖ ಯಾವುದು, ಜಗಳಕ್ಕೆ ನಿಂತವನ ಮುಖ ಯಾವುದು ಎಂದು ಕೇಳಿದವರು. 1978ರಲ್ಲಿ ವ್ಯಾಲೇಸ್ ಫ್ರೀಸನ್ ಎಂಬವರ ಜೊತೆ ಸೇರಿ ಮುಖದ ಒಂದೊಂದು ಚಲನೆಗೂ ನಂಬರು ಹಾಕಿಟ್ಟವರು. ಅವರ ಲೆಕ್ಕದಲ್ಲಿ ಲೋಕದ ಜನಕ್ಕೆಲ್ಲ ಸಾಮಾನ್ಯವಾದ ಭಾವಗಳು ಏಳು: ಸಿಟ್ಟು, ಅಸಹ್ಯ, ಭಯ, ದುಃಖ, ಸಂತೋಷ, ಆಶ್ಚರ್ಯ, ತಿರಸ್ಕಾರ. ನಮ್ಮಲ್ಲಿ ನವರಸ ಅಲ್ಲವೇ ಎಂದು ನಾನು ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಶೃಂಗಾರ, ವೀರ, ಶಾಂತ, ಈ ಮೂರನ್ನು ಕೈಬಿಟ್ಟು ತಿರಸ್ಕಾರ ಒಂದನ್ನು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ನಮ್ಮ ಮನೆಯ ಪರಿಸ್ಥಿತಿಯನ್ನು ಅಮೆರಿಕದಲ್ಲಿ ಕೂತು ಇಷ್ಟು ಕರಾರುವಾಕ್ಕಾಗಿ ಬರೆದವರ ಮೇಲೆ ನನಗೆ ಭಕ್ತಿ ಹುಟ್ಟಿದ್ದರಲ್ಲಿ ತಪ್ಪೇನಿದೆ?

ಮೇಲಾಗಿ ಊರಿನ ಗುಣವೂ ಇರಬೇಕು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಇಟ್ಟು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ನಿಂತ ಊರು ಇದು. ಮನಶ್ಶಾಸ್ತ್ರದ ಮೇಷ್ಟ್ರು ಮನೆಯಿಂದ ರೇಡಿಯೋ ಹಾಕಬಹುದಾದರೆ, ಟೀವಿ ನೋಡುವ ನಾನು ಮನೆಯಲ್ಲಿ ಮನಶ್ಶಾಸ್ತ್ರ ಹಾಕಬಾರದೇ? ಪರಂಪರೆ ಅಂದಮೇಲೆ ಯಾರಾದರೂ ಮುಂದುವರಿಸಬೇಕಲ್ಲ.

ನಾವು ನಾಲ್ಕು ಜನ ಒಟ್ಟಿಗೆ ಕೂತು ನೋಡುತ್ತಿದ್ದೆವು. ನಾನು ಶಾಸ್ತ್ರ ನೋಡುತ್ತಿದ್ದೆ, ಉಳಿದವರು ಸಂಸಾರ ನೋಡುತ್ತಿದ್ದರು.

“ಇವನ್ಯಾಕೋ ಹೀಗೆ ಸೊಟ್ಟಗೆ ನಿಲ್ತಾನೆ? ಸೊಂಟ ಉಳುಕಿದೆಯಾ?” ಅಂದಳು ಅಮ್ಮ.

“ಅದು ಸ್ಟೈಲಮ್ಮ.”

“ಎಣ್ಣೆ ಹಚ್ಚಿ ಬಿಸಿನೀರು ಹುಯ್ಕೊಂಡ್ರೆ ಹೋಗುತ್ತೆ.”

ನನ್ನ ಹೆಂಡತಿಗೆ ಒಂದೇ ಪ್ರಶ್ನೆ. ಲೈಟ್‌ಮನ್ನನ ಹೆಂಡತಿ ಎಲ್ಲಿ? ಡೈವೋರ್ಸ್ ಆಗಿದೆ, ಅವಳು ವಕೀಲೆ, ಒಬ್ಬಳು ಮಗಳಿದ್ದಾಳೆ ಎಂದೆ.

“ಊರವರ ಮುಖವೆಲ್ಲ ಓದೋನಿಗೆ ಹೆಂಡತಿ ಮುಖ ಓದೋಕೆ ಬರಲಿಲ್ಲವಾ?”

“ಬಂದಿರುತ್ತೆ ಅತ್ತಿಗೆ, ಬಂದಿದ್ದಕ್ಕೇ ಅವಳು ಎದ್ದು ಹೋಗಿದ್ದು” ಎಂದು ಬಾಗಿಲಲ್ಲಿ ನಿಂತಿದ್ದ ಇಸ್ತ್ರಿಯವನು ಉತ್ತರ ಕೊಟ್ಟ. ನಮ್ಮ ಮನೆಯಲ್ಲಿ ಸೀರಿಯಲ್ ನಡೆಯುವಾಗ ಬೀದಿಯವರೂ ಪಾತ್ರ ವಹಿಸುತ್ತಾರೆ. ನಿಮ್ಮಲ್ಲೂ ಹಾಗೇ ತಾನೇ?

ಶಾಸ್ತ್ರದ ಮೊದಲ ಪ್ರಯೋಗ ಅಮ್ಮನ ಮೇಲೆ ನಡೆಯಿತು. ಮೈಸೂರು ಪಾಕಿನ ಡಬ್ಬಿ ದಿನದಿನಕ್ಕೆ ಹಗುರವಾಗುತ್ತಿತ್ತು. ಅಮ್ಮನಿಗೆ ಸಕ್ಕರೆ ಮುಟ್ಟಬಾರದೆಂದು ಡಾಕ್ಟರ ಕಟ್ಟಪ್ಪಣೆ. ನಾನು ಕುರ್ಚಿ ಎಳೆದುಕೊಂಡು ಅವಳ ಮಂಚದ ಎದುರು ಕೂತೆ.

“ಅಮ್ಮಾ, ಮೈಸೂರು ಪಾಕು ತಿಂದ್ಯಾ?”

“ರಾಮ ರಾಮ! ನಾನ್ಯಾಕೋ ತಿನ್ಲಿ” ಎಂದು ನಕ್ಕಳು.

ನಗು ನಿಜವಾದದ್ದೋ ತೋರಿಕೆಯದೋ ಎಂದು ಹೇಳುವುದು ಕಣ್ಣಿನ ಸುತ್ತಲಿನ ಸ್ನಾಯು. ಇದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಡುಶೆನ್ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡಿದ್ದ. ಬಾಯಿ ಮಾತ್ರ ನಕ್ಕರೆ ಸಾಲದು, ಕಣ್ಣೂ ನಗಬೇಕು. ಡುಶೆನ್‌ಗೆ ಎದುರಾಗದಿದ್ದ ತೊಡಕು ನನಗೆ ಎದುರಾಯಿತು. ಅಮ್ಮನಿಗೆ ಆಗಷ್ಟೇ ಪೊರೆ ಆಪರೇಷನ್ ಆಗಿತ್ತು; ಮುಖದ ಅರ್ಧಕ್ಕೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ. ಉಳಿದ ಅರ್ಧವನ್ನೇ ದಿಟ್ಟಿಸಿದೆ. ತುಟಿಯ ಎಡ ಮೂಲೆ ಸರಕ್ಕನೆ ಮೇಲೆ ಹೋಯಿತು!

“ತಿರಸ್ಕಾರ!” ಎಂದು ಕೂಗಿದೆ. “ಹೆತ್ತ ಮಗನ ಮೇಲೆ ನಿನಗೆ ತಿರಸ್ಕಾರವೇನಮ್ಮಾ?”

ಅಮ್ಮ ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. “ಎಡಗಡೆ ಸಡಿಲ ಆಗಿದೆ ಕಣೋ. ಡಾಕ್ಟರ ಹತ್ರ ಕರ್ಕೊಂಡು ಹೋಗು ಅಂತ ಯುಗಾದಿಯಿಂದ ಹೇಳ್ತಿದೀನಿ. ನೀನು ಟೀವಿ ಬಿಟ್ಟು ಎದ್ದರೆ ತಾನೇ?”

ಕೇಸನ್ನು ಬಿಡಿಸಿದ್ದು ಇರುವೆಗಳು. ಸಂಜೆ ಹೊತ್ತಿಗೆ ಡಬ್ಬಿಯಿಂದ ಹೊರಟ ಸಾಲು ನೆಟ್ಟಗೆ ಅಮ್ಮನ ದಿಂಬಿನ ಕೆಳಗೆ ಹೋಗಿ ಸೇರಿತ್ತು. ಅವು ಒಂದು ಸೀಸನ್ನನ್ನೂ ನೋಡಿದವಲ್ಲ.

ಹೆಂಡತಿಯ ಮೇಲಿನ ಪ್ರಯೋಗಕ್ಕೆ ಹೆಚ್ಚು ಧೈರ್ಯ ಬೇಕಾಗಿತ್ತು. ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ ಅವಳ ಹುಬ್ಬು ಎರಡೂ ಹಣೆಯ ಕಡೆಗೆ ಹಾರಿವೆ. ಕಣ್ಣು ದೊಡ್ಡದಾಗಿದೆ. ಒಂದೋ ಆಶ್ಚರ್ಯ, ಇಲ್ಲಾ ಭಯ. ನಾನು ಚಪ್ಪಲಿ ಬಿಡುವುದನ್ನೂ ಮರೆತು ಹತ್ತಿರ ಹೋದೆ.

“ಏನಾಯ್ತು? ಯಾರು ಫೋನ್ ಮಾಡಿದ್ರು? ನಾನಿದ್ದೀನಿ, ಧೈರ್ಯವಾಗಿ ಹೇಳು.”

“ಏನೂ ಆಗಿಲ್ಲ. ಚಪ್ಪಲಿ ಬಿಟ್ಟು ಬನ್ನಿ.”

“ನಿನ್ನ ಬಾಯಿ ಇಲ್ಲ ಅನ್ನುತ್ತೆ, ಹುಬ್ಬು ಹೌದು ಅನ್ನುತ್ತೆ.”

ಅವಳು ಏನೂ ಹೇಳಲಿಲ್ಲ. ಹುಬ್ಬು ಇಳಿಯಲೂ ಇಲ್ಲ. ಇಲ್ಲಿ ನಾನು ಶಾಸ್ತ್ರದ ಇನ್ನೊಂದು ಸೂತ್ರವನ್ನು ನೆನೆದೆ. ನಿಜವಾದ ಆಶ್ಚರ್ಯ ಬಂದಷ್ಟೇ ಬೇಗ ಹೋಗುತ್ತದೆ; ಮುಖದ ಮೇಲೆ ಬಹಳ ಹೊತ್ತು ಕೂತ ಆಶ್ಚರ್ಯ ನಾಟಕ. ಹಾಗೆಂದೇ ಘೋಷಿಸಿದೆ. “ಇದು ನಾಟಕ!”

“ಬ್ಯೂಟಿ ಪಾರ್ಲರಿಗೆ ಹೋಗಿದ್ದೆ. ಬೆಳಿಗ್ಗೆ ನಿಮ್ಮ ಜೇಬಿಂದಲೇ ದುಡ್ಡು ತಗೊಂಡು ಹೇಳಿಯೇ ಹೋಗಿದ್ದೆ. ನೀವು ಹೂಂ ಅಂದ್ರಿ.”

ಹುಬ್ಬು ಕತ್ತರಿಸಿಕೊಂಡು ಬಂದ ಹೆಂಗಸಿಗೆ ‘ಚೆನ್ನಾಗಿದೆ’ ಎನ್ನಬೇಕಾದ ಕಡೆ ‘ನಾಟಕ’ ಎಂದವನ ತಟ್ಟೆಗೆ ಆ ರಾತ್ರಿ ಏನು ಬಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ತಿಳಿಸಾರು ಅನ್ನುವುದಕ್ಕೂ ಒಂದು ಮಿತಿಯಿದೆ. ಅದರಲ್ಲಿ ತಟ್ಟೆಯ ಮೇಲೆ ಕೆತ್ತಿಸಿದ್ದ ನಮ್ಮ ಮಾವನವರ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು.

ಸೀರಿಯಲ್ಲಿನಲ್ಲಿ ಲೋಕರ್ ಎಂಬ ಹುಡುಗ ಒಬ್ಬನಿದ್ದಾನೆ. ಲೈಟ್‌ಮನ್ನನ ಸಹಾಯಕ. ಮನಸ್ಸಿಗೆ ಬಂದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು ಅವನ ವ್ರತ. ಆ ವ್ರತವನ್ನು ನಾನೂ ಹಿಡಿದೆ. ಮಧ್ಯಾಹ್ನದ ಹುಳಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳಿದೆ. ವ್ರತದ ಉದ್ಯಾಪನೆ ಹೋಟೆಲಿನಲ್ಲಾಯಿತು. ಆ ವಿಷಯ ಇಲ್ಲಿಗೆ ಸಾಕು.

ಹೀಗೆ ಬರಿಗಣ್ಣಿಗೆ ಸಿಗದ್ದನ್ನು ಯಂತ್ರದಿಂದ ಹಿಡಿಯೋಣ ಎಂದುಕೊಂಡದ್ದಕ್ಕೂ ಎಕ್ಮನ್ನರೇ ಕಾರಣ. ಆಸ್ಪತ್ರೆಯಲ್ಲಿದ್ದ ರೋಗಿಯೊಬ್ಬಳು ‘ಈಗ ಚೆನ್ನಾಗಿದ್ದೇನೆ, ಮನೆಗೆ ಕಳಿಸಿ’ ಎಂದು ಡಾಕ್ಟರಿಗೆ ನಗುನಗುತ್ತ ಹೇಳಿದ್ದ ಫಿಲಮ್ಮನ್ನು ಅವರು ನಿಧಾನಕ್ಕೆ ಓಡಿಸಿ ನೋಡಿದರಂತೆ. ಆ ನಗುವಿನ ನಡುವೆ ಕಣ್ಣು ಮಿಟುಕುವಷ್ಟು ಹೊತ್ತು ಅವಳ ನಿಜವಾದ ಸಂಕಟ ಬಂದುಹೋಗಿತ್ತು. ನಮ್ಮ ಮಗಳ ಮೊಬೈಲಿನಲ್ಲಿ ಸ್ಲೋ ಮೋಷನ್ ಇದೆ. ನಮ್ಮ ಮನೆಯಲ್ಲಿ ಹೊಸ ಸೀರೆಯೊಂದು ಇದೆ. ಇನ್ನೇನು ಬೇಕು?

ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಹೆಂಡತಿಗೆ, ಫೋಟೋ ತೆಗೀತೀನಿ ಎಂದು ಸುಳ್ಳು ಹೇಳಿ (ಇದನ್ನು ಯಾರೂ ಪತ್ತೆ ಮಾಡಲಿಲ್ಲ, ದಯವಿಟ್ಟು ಗಮನಿಸಿ) ವಿಡಿಯೋ ಹಿಡಿದು ಕೇಳಿದೆ. “ಎಷ್ಟಾಯ್ತು?”

“ಎಂಟ್ನೂರು. ಡಿಸ್ಕೌಂಟಲ್ಲಿ ಸಿಕ್ತು.”

ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ನೋಡಿದೆ. ನಿಧಾನಗತಿಯಲ್ಲಿ ಹೆಂಡತಿಯ ದನಿ ಯಕ್ಷಗಾನದ ಬಣ್ಣದ ವೇಷದ ದನಿಯಾಗಿ “ಎಂ... ಟ್ನೂ... ರು...” ಎಂದು ಕತ್ತಲೆಯಲ್ಲಿ ಮೊಳಗಿತು. ಪಕ್ಕದ ಕೋಣೆಯಲ್ಲಿ ಅಮ್ಮ ಎದ್ದು ಕೂತು ನರಸಿಂಹ ಸ್ವಾಮಿಯನ್ನು ಕರೆದಳು. ನಾನು ಬಿಡಲಿಲ್ಲ. ಹುಬ್ಬು ನೋಡಿದೆ, ತುಟಿ ನೋಡಿದೆ, ಗಲ್ಲ ನೋಡಿದೆ. ಹಿಂದೆ ಓಡಿಸಿ, ಮುಂದೆ ಓಡಿಸಿ ನೋಡಿದೆ. ಮುಖದಲ್ಲಿ ಒಂದು ಗೆರೆ ಅಲ್ಲಾಡಿಲ್ಲ. ಸತ್ಯವಂತೆ ಎಂದು ತೀರ್ಮಾನಿಸಿ, ಅನುಮಾನಪಟ್ಟದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಮಲಗಿದೆ.

ಬೆಳಿಗ್ಗೆ ಮಗಳು ಮೊಬೈಲು ವಾಪಸು ಇಸಿದುಕೊಂಡು ವಿಡಿಯೋ ನೋಡಿದಳು. “ಅಪ್ಪಾ, ಸೆರಗಿನ ತುದೀಲಿ ಚೀಟಿ ನೇತಾಡ್ತಿದೆ. ಮೂರು ಸಾವಿರದ ನಾನೂರ ಐವತ್ತು ಅಂತ ಬರೆದಿದೆ.”

ಮುಖದ ಮೇಲೆ ನೆಟ್ಟ ಕಣ್ಣು ಮುಖದಿಂದ ಒಂದು ಗೇಣು ಕೆಳಗೆ ಇಳಿಯದೆ ಇದ್ದದ್ದು ನನ್ನ ಏಕಾಗ್ರತೆಗೆ ಸಾಕ್ಷಿ ಎಂದು ಈಗಲೂ ನನ್ನ ವಾದ.

ಮನೆಯೊಳಗೆ ಮರ್ಯಾದೆ ಸಿಗದ ವಿದ್ಯೆಯನ್ನು ಬೀದಿಗೆ ತಂದೆ. ನಮ್ಮ ಅಲ್ಯೂಮಿನಿಯಂ ಏಣಿ ಕಾಣೆಯಾಗಿತ್ತು. ಪಕ್ಕದ ಮನೆ ರಾಯರನ್ನು ಗೇಟಿನ ಹತ್ತಿರ ತಡೆದು ಕೇಳಿದರೆ “ನನಗೆ ಗೊತ್ತಿಲ್ಲ ಸಾರ್” ಎಂದರು. ಎಡ ಭುಜ ಮಾತ್ರ ಮೇಲೆ ಹೋಯಿತು. ಬಲ ಭುಜ ಇದ್ದಲ್ಲೇ ಇತ್ತು. ಸಾಕ್ಷಿ ಇದಕ್ಕಿಂತ ಬೇಕೆ? “ರಾಯರೇ, ನಿಮ್ಮ ಭುಜ ಬೇರೆ ಮಾತು ಹೇಳ್ತಿದೆ” ಎಂದೆ. “ಹೂಂ ಸಾರ್, ಫ್ರೋಜನ್ ಶೋಲ್ಡರ್. ಬಲಗಡೆ ಎತ್ತೋಕೇ ಆಗಲ್ಲ. ಫಿಸಿಯೋಥೆರಪಿಗೆ ಹೋಗ್ತಿದೀನಿ” ಎಂದರು. ಏಣಿ ನಮ್ಮ ತಾರಸಿಯ ಮೇಲೇ ಇತ್ತು, ನೀರಿನ ಟ್ಯಾಂಕಿಗೆ ಒರಗಿಕೊಂಡು. ಈಗ ರಾಯರು ನನ್ನ ಜೊತೆ ಮಾತಾಡುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನೋಡಿದವರು ಅವರು ನನಗೆ ಸಾಲ ಕೊಡಬೇಕೇನೋ ಅಂದುಕೊಳ್ಳುತ್ತಾರೆ.

ಇಷ್ಟಾದರೂ ನನ್ನ ಕೀರ್ತಿ ಹಾಸನದವರೆಗೆ ಹೋಗಿತ್ತು. ಹೋಗಲು ಕಾರಣ ನಾನೇ. ಫೋನ್ ಮಾಡಿದವರಿಗೆಲ್ಲ ಹೇಳುತ್ತಿದ್ದೆ. ನನ್ನ ಹೆಂಡತಿಯ ತಮ್ಮ ಅಲ್ಲಿದ್ದಾನೆ. ಅವನ ಮಗಳನ್ನು ನೋಡಲು ಬೆಂಗಳೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. “ಭಾವ, ನೀವೊಂದು ಸಲ ಹುಡುಗನ ಮುಖ ನೋಡಿಬಿಡಿ. ಜಾತಕ ನೋಡಿ ಆಗಿದೆ” ಎಂದ. ಜಾತಕದ ನಂತರದ ಸ್ಥಾನ! ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟೆ.

ಹುಡುಗ ಲಕ್ಷಣವಾಗಿದ್ದ. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳು ಬಂದವು. ನಾನು ಅವನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುರ್ಚಿ ಎಳೆದು, ತಲೆಯನ್ನು ಎಡಕ್ಕೆ ವಾಲಿಸಿ, ಲೈಟ್‌ಮನ್ನನ ಭಂಗಿಯಲ್ಲಿ ಕೂತೆ.

“ಪಾಪ, ಇವರ ಕುತ್ತಿಗೆಗೆ ಏನಾಗಿದೆ?” ಎಂದು ಹುಡುಗನ ತಾಯಿ ಪಕ್ಕದವರನ್ನು ಕೇಳಿದ್ದು ಕಿವಿಗೆ ಬಿತ್ತು. ಪ್ರತಿಭೆ ಇದ್ದಲ್ಲಿ ಇವೆಲ್ಲ ಇದ್ದದ್ದೇ.

“ಸಂಬಳ ಎಷ್ಟಪ್ಪಾ?” ಹೇಳಿದ. ಕಣ್ಣು ಸ್ಥಿರ. ಸತ್ಯ.

“ಸಿಗರೇಟು ಗಿಗರೇಟು?” ಇಲ್ಲ ಎಂದ. ಪರವಾಗಿಲ್ಲ.

“ಹಿಂದೆ ಯಾವುದಾದರೂ ಹುಡುಗಿ...?”

ಅಷ್ಟೇ. ಕೈ ಮೂಗಿಗೆ ಹೋಯಿತು. ಗಂಟಲಗುಂಡಿ ಮೇಲೆ ಹೋಗಿ ಕೆಳಗಿಳಿಯಿತು. ಮುಖ ಕೆಂಪಾಯಿತು. ಕಣ್ಣಲ್ಲಿ ನೀರು. ಮತ್ತು ಹುಬ್ಬಿನ ಒಳತುದಿ! ಪುಸ್ತಕದಲ್ಲಿ ಬರೆದ ಹಾಗೆ ಎದ್ದು ನಿಂತಿತು ಆ ಹುಬ್ಬಿನ ಒಳತುದಿ. ನಾನು ಭಾವಮೈದುನನ ಕಿವಿಯಲ್ಲಿ “ಹಳೇ ಪ್ರೇಮ. ಗಾಯ ಇನ್ನೂ ಹಸಿಯಾಗಿದೆ” ಎಂದು ಪಿಸುಗುಟ್ಟಿದೆ. ನನ್ನ ಪಿಸುಮಾತು ಮಾಮೂಲಿ ಜನರ ಕೂಗಿನಷ್ಟಿರುತ್ತದೆ ಎಂದು ಮನೆಯವರು ಹಿಂದಿನಿಂದಲೂ ಹೇಳುತ್ತಿದ್ದರು.

ಹುಡುಗನ ಸೋದರತ್ತೆ ಎದ್ದು ಅವನ ಬೆನ್ನಿಗೆ ಗುದ್ದಿದರು. ಉಪ್ಪಿಟ್ಟಿನ ಹಸಿಮೆಣಸಿನಕಾಯಿಯೊಂದು, ಅರ್ಧವೂ ಅಲ್ಲ, ಇಡೀ ಕಾಯಿ, ಆಚೆ ಬಂತು. ನೀರು ಕುಡಿಸಿದರು, ಸಕ್ಕರೆ ತಿನ್ನಿಸಿದರು. ಹುಡುಗ ಸುಧಾರಿಸಿಕೊಂಡು ಮೊದಲು ಹೇಳಿದ ಮಾತು, “ಯಾವ ಹುಡುಗೀನೂ ಇಲ್ಲ ಅಂಕಲ್.” ಅವನ ಕಣ್ಣೀರು ಇನ್ನೂ ಇಳಿಯುತ್ತಲೇ ಇದ್ದುದರಿಂದ ಆ ಮಾತನ್ನು ಯಾರೂ ನಂಬುವ ಹಾಗಿರಲಿಲ್ಲ, ಅದೇ ಅವನ ಗ್ರಹಚಾರ.

ಪರಿಸ್ಥಿತಿ ತಿಳಿಗೊಳಿಸಲು ನನ್ನ ಹೆಂಡತಿ ಕೇಸರಿಬಾತಿನ ತಟ್ಟೆ ಮುಂದೆ ತಳ್ಳಿ, “ಇದು ತಗೊಳ್ಳಿ, ಹುಡುಗಿಯೇ ಮಾಡಿದ್ದು” ಎಂದಳು. ಮುಖದಲ್ಲಿ ಅದೇ ಎಂಟ್ನೂರು ರೂಪಾಯಿಯ ನಿರ್ಮಲ ಶಾಂತಿ. ಹುಡುಗನ ತಾಯಿ ಅವಳ ಮುಖದ ಕಡೆ ನೋಡಲೇ ಇಲ್ಲ. ತಟ್ಟೆ ನೋಡಿದರು. “ಚೆನ್ನಾಗಿದೆ. ಯಾವ ಹೋಟೆಲಿಂದು?”

ಎಲ್ಲರೂ ಗಪ್‌ಚಿಪ್.

“ಮನೇಲಿ ಯಾರು ಕೇಸರಿಬಾತನ್ನ ಬಟ್ಟಲಲ್ಲಿ ಒತ್ತಿ ಇಷ್ಟು ಗುಂಡಗೆ ಬೋರಲು ಹಾಕ್ತಾರೆ ಹೇಳಿ? ನಮ್ಮ ಮನೆಗೆ ಹೆಣ್ಣು ನೋಡೋಕೆ ಬಂದಾಗ ನಮ್ಮಮ್ಮನೂ ಹೋಟೆಲಿಂದಲೇ ತರಿಸಿದ್ದು. ಆದರೆ ಸ್ವಲ್ಪ ಕಲಸಿ ಇಟ್ಟಿದ್ದಳು” ಎಂದು ನಕ್ಕರು. ಎರಡೂ ಕಡೆಯವರು ನಕ್ಕರು. ಸಂಬಂಧ ಅಲ್ಲೇ ಕುದುರಿತು. ವರದಕ್ಷಿಣೆ ಇಲ್ಲ, ಬೇಡಿಕೆಗಳೂ ಇಲ್ಲ, ಒಂದೇ ಒಂದು ವಿನಂತಿ ಬಂತು. ಧಾರೆಯ ಹೊತ್ತಿನಲ್ಲಿ ಆ ಕುತ್ತಿಗೆ ನೋವಿನವರನ್ನು ಸ್ವಲ್ಪ ದೂರ ಕೂರಿಸಬೇಕು.

ನಮ್ಮ ಮಗಳು ಡಿಗ್ರಿಗೆ ಮನಶ್ಶಾಸ್ತ್ರ ತೆಗೆದುಕೊಂಡಿದ್ದಾಳೆ. ಹಾಸನದಿಂದ ಬಂದ ರಾತ್ರಿ, ಗಾಯಕ್ಕೆ ಉಪ್ಪು ಸವರುವ ಕೆಲಸವನ್ನು ಅವಳು ವೈಜ್ಞಾನಿಕವಾಗಿ ಮಾಡಿದಳು. ಟಿಮೊಥಿ ಲೆವಿನ್ ಎಂಬ ಸಂಶೋಧಕರೂ ಅವರ ಜೊತೆಯವರೂ ಇದೇ ‘ಲೈ ಟು ಮಿ’ಯ ಮೇಲೆ ಪ್ರಯೋಗ ನಡೆಸಿ 2010ರಲ್ಲಿ ಪ್ರಕಟಿಸಿದ್ದಾರಂತೆ. ಕೆಲವರಿಗೆ ಈ ಸೀರಿಯಲ್ಲಿನ ಕಂತು ತೋರಿಸಿದರು, ಕೆಲವರಿಗೆ ಬೇರೆ ಸೀರಿಯಲ್, ಇನ್ನು ಕೆಲವರಿಗೆ ಏನೂ ಇಲ್ಲ. ಆಮೇಲೆ ಯಾರು ಸುಳ್ಳು ಹೇಳುತ್ತಿದ್ದಾರೆ ಪತ್ತೆ ಮಾಡಿ ಎಂದರು. ‘ಲೈ ಟು ಮಿ’ ನೋಡಿದವರು ಸುಳ್ಳು ಹಿಡಿಯುವುದರಲ್ಲಿ ಒಂದು ಗುಲಗಂಜಿಯಷ್ಟೂ ಮುಂದೆ ಹೋಗಿರಲಿಲ್ಲ. ಸತ್ಯ ಹೇಳುವವರನ್ನು ಸುಳ್ಳರೆನ್ನುವುದರಲ್ಲಿ ಮಾತ್ರ ಮುಂದಿದ್ದರು.

“ಒಂದು ಕಂತು ನೋಡಿದವರ ಗತಿ ಅಪ್ಪಾ ಇದು” ಎಂದಳು ಮಗಳು. “ನೀನು ನಲವತ್ತೆಂಟೂ ನೋಡಿದೀಯ.”

ಅವಳು ಅಲ್ಲಿಗೂ ನಿಲ್ಲಿಸಲಿಲ್ಲ. ಸಾಮಾನ್ಯ ಜನ ಸುಳ್ಳನ್ನೂ ಸತ್ಯವನ್ನೂ ಬೇರ್ಪಡಿಸುವ ಸಾಮರ್ಥ್ಯ ನೂರಕ್ಕೆ 54 ಎಂದು 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಎಂಬಿಬ್ಬರು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ನಾಣ್ಯ ಚಿಮ್ಮಿದರೆ ಐವತ್ತು ಬರುತ್ತದೆ. ಆ ನಾಲ್ಕಕ್ಕಾಗಿ ನಾನು ಪಕ್ಕದ ಮನೆಯವರ ಸ್ನೇಹ ಕಳೆದುಕೊಂಡಿದ್ದೆ. ನಿಜ ಹೇಳುವವನು ಗಾಬರಿಗೊಂಡರೆ ಅದನ್ನೇ ಸುಳ್ಳಿನ ಗುರುತು ಎಂದು ತಿಳಿಯುವುದಕ್ಕೆ ಎಕ್ಮನ್ನರೇ ‘ಒಥೆಲೋ ದೋಷ’ ಎಂದು ಹೆಸರಿಟ್ಟು ಎಚ್ಚರಿಸಿದ್ದಾರಂತೆ. ಹೆಂಡತಿಯ ಭಯವನ್ನು ತಪ್ಪಾಗಿ ಓದಿ ಕೊಂದೇಬಿಟ್ಟನಲ್ಲ, ಆ ಷೇಕ್ಸ್‌ಪಿಯರನ ಒಥೆಲೋ, ಅವನ ಹೆಸರು. ನಮ್ಮ ಮನೆಯಲ್ಲಿ ಕೊಲ್ಲುವ ಅಧಿಕಾರ ಒಥೆಲೋನ ಕೈಯಲ್ಲಿಲ್ಲ, ಅಷ್ಟೇ ವ್ಯತ್ಯಾಸ.

ನನಗೆ ಸಮಾಧಾನ ಕೊಟ್ಟದ್ದು ಇನ್ನೊಂದು ಸುದ್ದಿ. ಸೀರಿಯಲ್ಲಿನಲ್ಲಿ ಟಾರೆಸ್ ಎಂಬ ಹುಡುಗಿಯನ್ನು ಲೈಟ್‌ಮನ್ ಏರ್‌ಪೋರ್ಟಿನ ಭದ್ರತಾ ಕೆಲಸದಿಂದ ಕರೆತರುತ್ತಾನೆ; ತರಬೇತಿ ಇಲ್ಲದೆಯೇ ಮುಖ ಓದುವ ಹುಟ್ಟುಪ್ರತಿಭೆ ಅವಳದು. ನಿಜ ಜೀವನದಲ್ಲೂ ಅಮೆರಿಕದ ಏರ್‌ಪೋರ್ಟುಗಳಲ್ಲಿ ಪ್ರಯಾಣಿಕರ ಹಾವಭಾವ ನೋಡಿ ಅಪಾಯ ಪತ್ತೆ ಮಾಡುವ ಯೋಜನೆ 2007ರಿಂದ ನಡೆದಿತ್ತು. 2013ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು, ಇದಕ್ಕೆ ವೈಜ್ಞಾನಿಕ ಆಧಾರ ಕಾಣುತ್ತಿಲ್ಲ, ದುಡ್ಡು ಸುರಿಯುವುದನ್ನು ಮಿತಿಯಲ್ಲಿಡಿ ಎಂದರು. ಅಷ್ಟು ಹೊತ್ತಿಗೆ ಖರ್ಚಾಗಿದ್ದದ್ದು ಸುಮಾರು 90 ಕೋಟಿ ಡಾಲರ್. ಅವರು 90 ಕೋಟಿ ಡಾಲರಿಗೆ ಕಲಿತ ಪಾಠವನ್ನು ನಾನು ಒಂದು ಏಣಿ, ಒಂದು ಮೆಣಸಿನಕಾಯಿಗೆ ಕಲಿತೆ. ಮಿತವ್ಯಯದಲ್ಲಿ ನಮ್ಮ ಮನೆತನಕ್ಕೆ ಮೊದಲಿನಿಂದಲೂ ಹೆಸರಿದೆ.

ಇಷ್ಟೆಲ್ಲ ಆಗಿರುವಾಗ ಟೀವಿಯ ವಾರ್ಷಿಕ ಚಂದಾ ಮುಗಿಯಿತು. ಮತ್ತೆ ಕಟ್ಟಕೂಡದು ಎಂದು ಮನೆಯಲ್ಲಿ ಸರ್ವಾನುಮತದ ನಿರ್ಣಯ ಆಗಿತ್ತು, ನನ್ನ ಗೈರುಹಾಜರಿಯಲ್ಲಿ. ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲೇ ಕಟ್ಟಿಬಿಟ್ಟೆ. ಬೇರೆ ಊರಿನ ಪತ್ತೇದಾರರು ಇನ್ನೂ ಎಷ್ಟೋ ಜನ ನೋಡದೆ ಉಳಿದಿದ್ದಾರೆ. ಅವರನ್ನು ಹಾಗೆಯೇ ಬಿಡಲಾದೀತೇ?

ಓದಲು ಬಾರದಿದ್ದರೇನಂತೆ, ಮುಚ್ಚಿಡಲು ಈ ವಿದ್ಯೆ ಬಂದೇ ಬರುತ್ತದಲ್ಲ ಎಂಬ ಧೈರ್ಯ ನನಗೆ. ಯಾವ ಸ್ನಾಯು ಮನುಷ್ಯನನ್ನು ಹಿಡಿದುಕೊಡುತ್ತದೆ ಎಂಬುದು ಬಾಯಿಪಾಠ ಆಗಿರುವವನನ್ನು ಯಾರು ಹಿಡಿಯುತ್ತಾರೆ? ಕನ್ನಡಿಯ ಮುಂದೆ ನಿಂತು ಹುಬ್ಬು ಇಳಿಸಿದೆ. ಭುಜ ಎರಡನ್ನೂ ಸಮ ಮಾಡಿದೆ. ಮೂಗು ಮುಟ್ಟದಿರಲೆಂದು ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿಟ್ಟೆ. ಕಣ್ಣಿನ ಸುತ್ತ ಡುಶೆನ್ ಮೆಚ್ಚುವಂಥ ಸುಕ್ಕು ಬರುವ ಹಾಗೆ ನಗು ತಂದುಕೊಂಡು ಅಡುಗೆಮನೆಗೆ ಹೋದೆ. ಮಗಳು ಕಟ್ಟೆಯ ಮೇಲೆ ಕೂತು ಹುರಳಿಕಾಯಿ ಮುರಿಯುತ್ತಿದ್ದಳು. ಹೆಂಡತಿ ನನ್ನ ಕಡೆ ಬೆನ್ನು ಮಾಡಿ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು.

“ಎಷ್ಟು ಕಟ್ಟಿದ್ರಿ?” ಎಂದಳು. ತಿರುಗಿ ಕೂಡ ನೋಡಲಿಲ್ಲ.

“ಏನು? ಎಲ್ಲಿಗೆ?”

“ಬಚ್ಚಲುಮನೇಲಿ.”

“ನೋಡು, ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ ಅಂತ ಒಂದು ಕೇಸಿದೆ. 2010ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ನಾರ್ಕೋ ಅನಾಲಿಸಿಸ್, ಲೈ ಡಿಟೆಕ್ಟರ್, ಬ್ರೈನ್ ಮ್ಯಾಪಿಂಗ್, ಯಾವುದನ್ನೂ ಒಬ್ಬನ ಒಪ್ಪಿಗೆ ಇಲ್ಲದೆ ಅವನ ಮೇಲೆ ಮಾಡೋ ಹಾಗಿಲ್ಲ. ನಮ್ಮ ರಾಜ್ಯದ್ದೇ ಕೇಸು.”

“ನಾನು ಏನೂ ಮಾಡಿಲ್ಲ ರೀ. ಬ್ಯಾಂಕಿನವರು ಮೆಸೇಜ್ ಕಳಿಸಿದ್ದಾರೆ. ನಿಮ್ಮ ಅಕೌಂಟಿಗೆ ಕೊಟ್ಟಿರೋದು ನನ್ನ ನಂಬರು. ನೀವೇ ಹಳೇ ಸಿಮ್ಮು ಕಳ್ಕೊಂಡಾಗ ಫಾರಂ ತುಂಬಿದ್ದು.”

ಕಟ್ಟೆಯ ಮೇಲಿಂದ ಮಗಳು ಕೂಗಿದಳು. “ಅಪ್ಪಾ, ಬೇಗ ನೋಡು, ಅಮ್ಮನ ತುಟಿ! ಎಡಗಡೆ ಮೂಲೆ ಮೇಲೆ ಹೋಯ್ತು!”

ನಾನು ಓಡಿ ಆ ಕಡೆ ಬಂದು, ತಲೆ ವಾಲಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದೆ. ತುಟಿಯ ಮೂಲೆ ಇನ್ನೂ ಮೇಲೇ ಇತ್ತು, ನನಗೆಂದೇ ನಿಲ್ಲಿಸಿಕೊಂಡಂತೆ. ಇವಳಿಗೆ ಹಲ್ಲಿನ ಸೆಟ್ಟಿಲ್ಲ. ಪಾರ್ಲರಿನವರು ತುಟಿ ಮುಟ್ಟುವುದಿಲ್ಲ. ಬಾಯಲ್ಲಿ ಮೆಣಸಿನಕಾಯಿಯೂ ಇರಲಿಲ್ಲ.

“ತಿರಸ್ಕಾರ!” ಎಂದೆ.

“ಕರೆಕ್ಟು” ಅಂದಳು ಹೆಂಡತಿ.